ವ್ಯಾಕ್ಸ್ ಕೈಯಲ್ಲೇ ಹಚ್ರಿ, ಮಷಿನ್ ಬೇಕಾಗೋದು ಬೇರೆ ಕೆಲಸಕ್ಕೆ

ಕೇಳಿದವರು ನಮ್ಮ ದಾವಣಗೆರೆಯವರೇ ಅಂತ ಗೊತ್ತಾಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಬೇಜಾರಾಗಬ್ಯಾಡ್ರಿ. ನಿಮ್ಮ ಪ್ರಶ್ನೆ ಇಷ್ಟು: ಎರಡು ವರ್ಷದ ಕಪ್ಪು ಬಲೆನೊ ಕಾರ್ ಐತೆ, ಮನೇಲೇ ಡಬ್ಬಿ ವ್ಯಾಕ್ಸ್ (ಪೇಂಟ್ ಮೇಲೆ ಹೊಳಪಿಗೆ ಹಚ್ಚೋ ಮೇಣ) ತಂದು ಕೈಯಲ್ಲಿ ಹಚ್ಚೋಣ ಅಂದ್ಕೊಂಡ್ರೆ ವಾಶಿಂಗ್ ಸೆಂಟರ್ ಹುಡುಗ "ಕೈಯಲ್ಲಿ ಹಚ್ಚಿದ್ರೆ ವೇಸ್ಟ್ ಸಾರ್, ಮಷಿನ್ ಬಿಸಿಗೇನೇ ವ್ಯಾಕ್ಸ್ ಪೇಂಟ್ ಒಳಗೆ ಇಳಿಯೋದು" ಅಂದ, ಈಗ ಆನ್‌ಲೈನಲ್ಲಿ ಪಾಲಿಶಿಂಗ್ ಮಷಿನ್ ನೋಡ್ತಿದೀನಿ, ತಗೊಳ್ಲಾ ಬ್ಯಾಡ್ವಾ ಅಂತ.

ಬ್ಯಾಡ್ರಿ. ಸದ್ಯಕ್ಕಂತೂ ಬ್ಯಾಡ.

ನಾನೇನು ಮೆಕ್ಯಾನಿಕ್ ಅಲ್ಲ, ದಿನಾ ಹರಿಹರಕ್ಕೆ ಡ್ಯೂಟಿಗೆ ಓಡಾಡೋ ಮನುಷ್ಯ, ಹತ್ತು ವರ್ಷದಿಂದ ಒಂದೇ ಸ್ವಿಫ್ಟ್, ಕಡುನೀಲಿ ಬಣ್ಣ, ಅದರ ಮೇಲೆ ಮಾಡಬಾರದ್ದೆಲ್ಲ ಮಾಡಿ ಕಲ್ತಿದೀನಿ. ಹಂಗಾಗಿ ಇದನ್ನ ಪಂಡಿತರ ಮಾತು ಅಂತಲ್ಲ, ಕೈ ಸುಟ್ಕೊಂಡವನ ಮಾತು ಅಂತ ಓದ್ಕೊಳ್ರಿ.

ಮೊದ್ಲು ಆ "ಒಳಗೆ ಇಳಿಯೋ" ಕಥೆ. ಕಾರ್ ಪೇಂಟ್ ಅಂದ್ರೆ ಸುಣ್ಣದ ಗೋಡೆನಾ ಹೀರ್ಕೊಳ್ಳಕ್ಕೆ? ತಗಡಿನ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣಾನೇ ಇಲ್ಲದ ಗಾಜಿನಂಥ ಒಂದು ಪದರ, ಅದಕ್ಕೆ ಕ್ಲಿಯರ್ ಕೋಟ್ ಅಂತಾರೆ. ವ್ಯಾಕ್ಸ್ ಹೋಗಿ ಕೂರೋದು ಈ ಕ್ಲಿಯರ್ ಕೋಟ್ ಮೇಲೆ, ಒಳಗೆಲ್ಲೂ ಹೋಗಲ್ಲ. ಇನ್ನು ಬಿಸಿ ವಿಚಾರ, ಕಾರ್ನೌಬಾ ಅಂತ ಡಬ್ಬಿ ಮೇಲೆ ಬರ್ದಿರುತ್ತಲ್ಲ, ಅದು ಬ್ರೆಜಿಲ್ ದೇಶದ ಒಂದು ಜಾತಿ ತಾಳೆ ಮರದ ಎಲೆಯಿಂದ ತೆಗೆಯೋ ಮೇಣ, ಕರಗೋದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ. ಮಷಿನ್ ಹಾಕಿ ಪೇಂಟ್‌ನ ಅಷ್ಟು ಬಿಸಿ ಮಾಡೋ ಹೊತ್ತಿಗೆ ವ್ಯಾಕ್ಸ್ ಕಥೆ ಬಿಡ್ರಿ, ಪೇಂಟ್ ಕಥೇನೇ ಮುಗಿಯೋ ಹಂತಕ್ಕೆ ಬಂದಿರುತ್ತೆ. ಡಬ್ಬಿಯೊಳಗೆ ಅದನ್ನ ಮೊದ್ಲೇ ಸಾಲ್ವೆಂಟು, ಎಣ್ಣೆ ಅದೂ ಇದೂ ಸೇರಿಸಿ ಮೆತ್ತಗೆ ಮಾಡಿಟ್ಟಿರ್ತಾರೆ, ಹಚ್ಚಿದ ಮೇಲೆ ಸಾಲ್ವೆಂಟ್ ಆರಿ ಹೋಗುತ್ತೆ, ಮೇಣ ಉಳಿಯುತ್ತೆ, ಅಷ್ಟೇ ಕೆಲಸ. ಇದಕ್ಕೆ ಕರೆಂಟ್ ಯಾಕೆ ಬೇಕು ಹೇಳ್ರಿ.

ಮತ್ತೆ ಮಷಿನ್ ಹಾಕಿಸಿದ ಗಾಡಿ ಕನ್ನಡಿ ಥರ ಹೊಳೆಯೋದು ಸುಳ್ಳಾ ಅಂದ್ರೆ ಸುಳ್ಳಲ್ಲ. ಆದ್ರೆ ಹೊಳೆಸಿದ್ದು ವ್ಯಾಕ್ಸ್ ಅಲ್ಲ, ಅದಕ್ಕಿಂತ ಮುಂಚೆ ಹಾಕಿದ ರಬ್ಬಿಂಗ್ ಕಾಂಪೌಂಡು (ಮನೆ ಸುತ್ತ ಕಟ್ಟೋದಲ್ಲ, ಡಬ್ಬಿಲಿ ಬರೋದು). ಕಾಂಪೌಂಡು, ಪಾಲಿಶು ಎರಡರಲ್ಲೂ ಕಣ್ಣಿಗೆ ಕಾಣದಂಥ ಸಣ್ಣ ಪುಡಿ ಇರುತ್ತೆ, ಒಂದರಲ್ಲಿ ತರಿ ಇನ್ನೊಂದರಲ್ಲಿ ನುಣುಪು. ಅದು ಕ್ಲಿಯರ್ ಕೋಟ್‌ನ ಮೇಲಿಂದ ಸ್ವಲ್ಪ ಸವೆಸುತ್ತೆ, ಗೀರು ಎಷ್ಟು ಆಳ ಐತೋ ಸುತ್ತಮುತ್ತಲ ಪೇಂಟ್‌ನ ಅಷ್ಟಕ್ಕೆ ಇಳಿಸುತ್ತೆ, ಆಗ ಗೀರು ಮಾಯ. ಅಂಗಡಿಯವರೆಲ್ಲ ಪಾಲಿಶ್, ವ್ಯಾಕ್ಸ್, ಬಫಿಂಗ್ (ಮಷಿನ್ ಪ್ಯಾಡಲ್ಲಿ ಉಜ್ಜೋದು) ಎಲ್ಲಾನೂ ಒಂದೇ ಮಾತಲ್ಲಿ ಹೇಳಿಬಿಡ್ತಾರೆ, ನಮಗೆ ಗೊಂದಲ ಆಗೋದೇ ಇಲ್ಲಿ. ಪಾಲಿಶ್ ತೆಗೆಯೋ ಸಾಮಾನು, ವ್ಯಾಕ್ಸ್ ಹಾಕೋ ಸಾಮಾನು. ತೆಗೆಯೋಕೆ ಮಷಿನ್ ನಿಜಕ್ಕೂ ಬೇಕು, ಕೈಯಲ್ಲಿ ಕಾಂಪೌಂಡ್ ಉಜ್ಜಿ ಇಡೀ ಕಾರ್ ಸಮ ಮಾಡ್ತೀನಿ ಅಂದ್ರೆ ಭುಜ ಬಿದ್ದು ಹೋಗುತ್ತೆ, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಬೇರೆ. ಹಾಕೋಕೆ ಕೈ ಸಾಕು.

ತೆಗೆಯೋದು ಅಂದೆ, ಎಷ್ಟಿರುತ್ತೆ ತೆಗೆಯೋಕೆ ಅನ್ನೋದೂ ಗೊತ್ತಿರ್ಲಿ. ಒಂದು ಜೆರಾಕ್ಸ್ ಹಾಳೆ ತಗೊಂಡು ಬೆರಳಲ್ಲಿ ಹಿಡಿದು ನೋಡ್ರಿ. ಕಂಪನಿ ಪೇಂಟ್ ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲಾ ಸೇರಿ ಹೆಚ್ಚೂಕಮ್ಮಿ ಅಷ್ಟೇ ದಪ್ಪ, 100 ಮೈಕ್ರಾನ್ ಆಸುಪಾಸು, ಅದರಲ್ಲಿ ಕ್ಲಿಯರ್ ಕೋಟ್ ಪಾಲು 40-50 ಮೈಕ್ರಾನು. ಅರ್ಧ ಹಾಳೆ! ಪ್ರತಿ ಸಲ ರಬ್ಬಿಂಗ್ ಮಾಡಿಸಿದಾಗ್ಲೂ ಆ ಅರ್ಧ ಹಾಳೆಯಲ್ಲೇ ಒಂದಿಷ್ಟು ಹೋಗೋದು, ಹೋಗಿದ್ದು ವಾಪಸ್ ಬರಲ್ಲ, ಬಿಸಿಲಿನಿಂದ ಬಣ್ಣಾನ ಕಾಪಾಡೋದೂ ಇದೇ ಪದರ. ವರ್ಷ ವರ್ಷ ದೀಪಾವಳಿಗೆ ಒಂದ್ಸಲ ಬಫಿಂಗ್ ಅಂತ ಪದ್ಧತಿ ಇಟ್ಕೊಂಡವರ ಗಾಡಿ ಟಾಪ್ ಕೆಲವು ವರ್ಷದಲ್ಲಿ ಬೆಳ್ಳಗೆ ಚಕ್ಕೆ ಎದ್ದು ನಿಂತಿರೋದನ್ನ ನೋಡಿದೀನಿ.

ಈಗ ನನ್ನ ಕಥೆ. ಕಾರ್ ತಗೊಂಡು ಮೂರನೇ ವರ್ಷಕ್ಕೆ ಬಾನೆಟ್ ಮೇಲೆಲ್ಲ ಜೇಡರ ಬಲೆ ಥರ ಗೀರು. ಒಂದು ಕಡೆ ಹೋಗಿ ರಬ್ಬಿಂಗ್ ಮಾಡಿಸ್ದೆ, ಅಂಗಡಿ ಹೆಸರು ಬ್ಯಾಡ. ಅಲ್ಲಿದ್ದ ಹುಡುಗನ ಕೈಲಿ ಇದ್ದಿದ್ದು ರೋಟರಿ ಮಷಿನ್ನು, ಅಂದ್ರೆ ಗ್ರೈಂಡರ್ ಥರ ಒಂದೇ ದಿಕ್ಕಿಗೆ ಗಿರ್ರ್ ಅಂತ ತಿರುಗೋದು, ಅದಕ್ಕೆ ಉಣ್ಣೆ ಪ್ಯಾಡು. ಒಂದೇ ಜಾಗದಲ್ಲಿ ನಿಂತ್ರೆ ಸೆಕೆಂಡಲ್ಲಿ ಬಿಸಿ ಏರುತ್ತೆ. ಅವನು ಒಂದು ಕೈಯಲ್ಲಿ ಮಷಿನ್, ಇನ್ನೊಂದು ಕೈಯಲ್ಲಿ ಫೋನು, ಫೋನಲ್ಲಿ ಯಾರ ಜೊತೆಗೋ ಜಗಳ. ನಾನು ಎದುರು ಅಂಗಡಿಲಿ ಮಿರ್ಚಿ ಮಂಡಕ್ಕಿ ತಿಂದ್ಕೊಂಡು ಬರೋ ಹೊತ್ತಿಗೆ ಎಡಗಡೆ ಹಿಂದಿನ ಬಾಗಿಲ ಮಡಿಕೆ ಗೆರೆ ಐತಲ್ಲ, ಆ ಏಣು, ಅಲ್ಲಿ ಬೆರಳುದ್ದ ನೀಲಿ ಹೋಗಿ ಬೂದುಬಣ್ಣ ಕಾಣ್ತಿತ್ತು. ಪ್ರೈಮರು. ಅವನು ಅದರ ಮೇಲೆ ವ್ಯಾಕ್ಸ್ ಸವರಿ ಒರೆಸಿ ಒರೆಸಿ ನೋಡ್ದ, ಹೋಗುತ್ತಾ? ಏಣಿನ ಮೇಲೆ ಪೇಂಟ್ ಮೊದ್ಲೇ ತೆಳ್ಳಗಿರುತ್ತೆ, ಮೇಲಾಗಿ ಪ್ಯಾಡಿನ ಪೂರ್ತಿ ಒತ್ತಡ ಆ ಒಂದು ಗೆರೆ ಮೇಲೇ ಬೀಳುತ್ತೆ, ಅದಕ್ಕೇ ತಿಳಿದವರು ಏಣಿಗೆಲ್ಲ ಮೊದ್ಲು ಪೇಪರ್ ಟೇಪ್ ಅಂಟಿಸ್ಕೊಂಡು ಆಮೇಲೆ ಮಷಿನ್ ಇಡ್ತಾರೆ. ಬಂಪರ್ ಇನ್ನೂ ಡೇಂಜರ್ರು, ತಗಡಾದ್ರೆ ಬಿಸಿನ ಹಂಚ್ಕೊಳ್ಳುತ್ತೆ, ಪ್ಲಾಸ್ಟಿಕ್ಕಿಗೆ ಆ ಗುಣ ಇಲ್ಲ, ಬಿಸಿ ಅಲ್ಲೇ ನಿಲ್ಲುತ್ತೆ. ನನ್ನ ಬಾಗಿಲಲ್ಲಿ ಟಚ್‌ಅಪ್ ಬ್ರಷ್ಷಿಂದ ತಿದ್ದಿದ ಗೆರೆ ಇವತ್ತಿಗೂ ಐತೆ, ನಮ್ಮಪ್ಪ ಅದನ್ನ ತೋರಿಸಿ ಬಂದವರಿಗೆಲ್ಲ "ಇದು ನಮ್ಮ ಹುಡುಗ ದುಡ್ಡು ಕೊಟ್ಟು ಮಾಡಿಸಿದ್ದು" ಅಂತಾರೆ.

ಆಮೇಲೆ ಪಿ.ಬಿ. ರೋಡ್ ಕಡೆ ಟಿಂಕರಿಂಗ್ ಪೇಂಟಿಂಗ್ ಶೆಡ್ ಇಟ್ಕೊಂಡಿರೋ ಒಬ್ರು ಭಾಯ್ ಪರಿಚಯ ಆದ್ರು, ನನಗೆ ಸರಿಯಾಗಿ ಪಾಠ ಆಗಿದ್ದು ಅವ್ರ ಹತ್ರಾನೇ. ಅವ್ರು ರಾತ್ರಿ ಮೊಬೈಲ್ ಟಾರ್ಚ್ ಬಾನೆಟ್ ಮೇಲೆ ಹಿಡಿದು ತೋರಿಸಿದ್ರು, "ನೋಡ್ರಿ ಗೀರೆಲ್ಲ ಬೆಳಕಿನ ಸುತ್ತ ಗುಂಡಗೆ ಕಾಣ್ತಾವೆ, ನಿಜವಾಗ್ಲೂ ಗುಂಡಗಿಲ್ಲ" ಅಂತ. ಟಾರ್ಚ್ ಜರುಗಿಸಿದ್ರೆ ಸುತ್ತೂ ಜೊತೆಗೇ ಜರುಗುತ್ತೆ! ದಿಕ್ಕುದೆಸೆ ಇಲ್ಲದೆ ಸಾವಿರ ಗೀರು ಇರ್ತವೆ, ಬೆಳಕಿಗೆ ಅಡ್ಡ ಇರೋವು ಮಾತ್ರ ಮಿಂಚ್ತವೆ, ಹಂಗಾಗಿ ಬಲೆ ಥರ ಕಾಣುತ್ತೆ. ಇದ್ರಿಂದ ನನಗೆ ಗೊತ್ತಾಗಿದ್ದು ಏನಂದ್ರೆ ಗುಂಡಗೆ ಒರೆಸಿದ್ದೇ ತಪ್ಪು ಅಂದ್ಕೊಂಡು ಉದ್ದುದ್ದ ಒರೆಸೋಕೆ ಶುರು ಮಾಡಿದ್ನಲ್ಲ, ಅದರಿಂದ ಏನೂ ಉಪಯೋಗ ಇರ್ಲಿಲ್ಲ, ತಪ್ಪು ಇರೋದು ಬಟ್ಟೆ ತಿರುಗಿಸಿದ ದಿಕ್ಕಲ್ಲಿ ಅಲ್ಲ, ಬಟ್ಟೆ ಕೆಳಗಿನ ಧೂಳಲ್ಲಿ.

ನಮ್ಮೂರ ಧೂಳು ಸಾಮಾನ್ಯದ್ದಲ್ಲ ಮತ್ತೆ. ನೀವು ಮಂಡಕ್ಕಿ ಭಟ್ಟಿ ಕಡೆಯೋ ಅಕ್ಕಿ ಮಿಲ್ ಹತ್ರಾನೋ ಇದ್ರೆ ಬೆಳಿಗ್ಗೆ ಎದ್ದು ನೋಡಿದ್ರೆ ಗಾಡಿ ಮೇಲೆ ಕರೀ ಬೂದಿ ಕೂತಿರುತ್ತೆ, ಹೌದಲ್ಲ? ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಇರೋದು ಸಿಲಿಕಾ, ಮರಳಿನ ಜಾತಿದೇ. ನಮ್ಮಜ್ಜಿ ಪಾತ್ರೆ ತಿಕ್ತಿದ್ದಿದ್ದೇ ಬೂದಿಯಲ್ಲಿ. ಅದನ್ನ ಡ್ಯೂಟಿಗೆ ಹೊರಡೋ ಅರ್ಜೆಂಟಲ್ಲಿ ಡಿಕ್ಕಿಯಿಂದ ಹಳೇ ಬನಿಯನ್ ತೆಗೆದು ಒಣಗಿದಂಗೇ ಒರೆಸಿದ್ರೆ ಪಾತ್ರೆ ತಿಕ್ಕಿದಂಗೇ ಆಯ್ತು. ಆಯುಧ ಪೂಜೆ ದಿನಾನೂ ಇದೇ ಹಣೆಬರಹ, ನಮ್ಮಪ್ಪ ಬಾನೆಟ್‌ಗೆ ಮೂರು ಬೆರಳಲ್ಲಿ ವಿಭೂತಿ ಎಳೀತಾರೆ, ಮಾರನೇ ದಿನ ಅವ್ರೇ ಟವೆಲ್ ತಗೊಂಡು ಒಣಗಿದ್ದನ್ನ ಗಸಗಸ ಉಜ್ತಾರೆ. ಈಗ ನಾನು ಮೊದ್ಲೇ ಎದ್ದು ನೀರು ಹಾಕಿ ತೊಳೆದು ಬಿಟ್ಟಿರ್ತೀನಿ, ಬೈಸ್ಕೊಳ್ತೀನಿ, ಪರವಾಗಿಲ್ಲ.

ಹಂಗಾಗಿ ಕೈಯೋ ಮಷಿನ್ನೋ ಅನ್ನೋದಕ್ಕಿಂತ ಮುಂಚೆ ತೊಳೆಯೋದು. ಮೊದ್ಲು ಬರೀ ನೀರು ಹೊಡೆದು ಬೂದಿ ಧೂಳು ಇಳಿಸ್ರಿ, ಆಮೇಲೆ ಎರಡು ಬಕೆಟ್, ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಬೋರ್‌ವೆಲ್ ನೀರಾದ್ರೆ ತಾನಾಗಿ ಒಣಗೋಕೆ ಬಿಡಬ್ಯಾಡ್ರಿ, ಗಡಸು ನೀರು, ಹನಿ ಒಣಗಿದ ಕಡೆ ಬಿಳೀ ಉಂಗುರ ನಿಲ್ಲುತ್ತೆ, ಕಪ್ಪು ಗಾಡಿ ಮೇಲಂತೂ ಎದ್ದು ಕಾಣುತ್ತೆ, ಅದರ ಮೇಲೇ ವ್ಯಾಕ್ಸ್ ಹಚ್ಚಿದ್ರೆ ಉಂಗುರಾನ ಲ್ಯಾಮಿನೇಶನ್ ಮಾಡಿಸಿದಂಗೆ. ಒರೆಸಿ ಆದ್ಮೇಲೆ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡ್ರಿ. ಬರೀ ಬೆರಳಿಗೆ ಗೊತ್ತಾಗದ ತರಿ ಕವರ್ ಒಳಗಿಂದ ಚೆನ್ನಾಗಿ ಗೊತ್ತಾಗುತ್ತೆ, ಉಪ್ಪಿನ ಕಾಗದ ಮುಟ್ಟಿದಂಗೆ. ತರಿ ಇದ್ರೆ ಕ್ಲೇ ಬಾರ್ ಅಂತ ಜೇಡಿಮಣ್ಣಿನ ಥರದ್ದು ಬರುತ್ತೆ, ಶಾಂಪೂ ನೀರು ಚಿಮುಕಿಸ್ಕೊಂಡು ಅದನ್ನ ಜಾರಿಸಿದ್ರೆ ಎಲ್ಲಾ ಎತ್ಕೊಳ್ಳುತ್ತೆ. ಕೆಳಗೆ ಬಿದ್ರೆ ಆ ತುಂಡು ಎಸೆದುಬಿಡ್ರಿ, ಆಸೆ ಪಡಬ್ಯಾಡ್ರಿ, ನಾನು ಒಂದ್ಸಲ ಆಸೆ ಪಟ್ಟು ಡೋರ್ ಮೇಲೆ ಮೂರು ಹೊಸ ಗೀರು ಹಾಕ್ಕೊಂಡೆ.

ಇನ್ನು ಹಚ್ಚೋದು. ನೆರಳಲ್ಲಿ, ಬಾನೆಟ್ ಮುಟ್ಟಿದ್ರೆ ತಣ್ಣಗಿರಬೇಕು, ಏಪ್ರಿಲ್ ತಿಂಗಳಾದ್ರೆ ಬೆಳಿಗ್ಗೆ 7ರೊಳಗೇ ಮುಗಿಸ್ರಿ. ಎಷ್ಟು ಹಚ್ಚಬೇಕು ಅಂದ್ರೆ, ನಮ್ಮೂರ ಹೋಟ್ಲಲ್ಲಿ ಬೆಣ್ಣೆ ದೋಸೆಗೆ ಬೆಣ್ಣೆ ಹಾಕ್ತಾರಲ್ಲ ಹಂಗಲ್ಲ, ದೋಸೆ ಹುಯ್ಯೋ ಮುಂಚೆ ಕಾವಲಿಗೆ ಅರ್ಧ ಈರುಳ್ಳಿ ಹೋಳಿಂದ ಎಣ್ಣೆ ಸವರ್ತಾರಲ್ಲ, ಹಂಗೆ. ಸ್ಪಾಂಜನ್ನ ವ್ಯಾಕ್ಸ್ ಮೇಲೆ ಒಂದು ಸುತ್ತು ತಿರುಗಿಸಿದ್ರೆ ಅರ್ಧ ಬಾನೆಟ್ ಆಗಬೇಕು. ದಪ್ಪ ಹಚ್ಚಿದ್ರೆ ಜಾಸ್ತಿ ದಿನ ಬರಲ್ಲ, ಮೇಲಿಂದೆಲ್ಲ ಬಟ್ಟೆಗೇ ಬರೋದು, ಒರೆಸೋಕೆ ಮಾತ್ರ ಪ್ರಾಣ ಹೋಗುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮಂಜು ಕವಿದಂಗೆ ಆಗುತ್ತೆ, ಒಂದು ಬೆರಳು ಎಳೆದು ನೋಡ್ರಿ, ಎಳೆದ ಜಾಗ ಸ್ವಚ್ಛ ಹೊಳೆದ್ರೆ ಒರೆಸ್ಬಹುದು, ಮೆತ್ತಿಕೊಂಡ್ರೆ ಇನ್ನೂ ಆರಿಲ್ಲ. ಒರೆಸೋಕೆ ಮೈಕ್ರೋಫೈಬರ್ ಬಟ್ಟೆ ಬೇರೆಬೇರೆ ಎರಡು ಇಟ್ಕೊಳ್ರಿ. ಕಪ್ಪು ಪ್ಲಾಸ್ಟಿಕ್ ಬೀಡಿಂಗ್‌ಗೆ ತಾಗಿಸಬ್ಯಾಡ್ರಿ, ಬೆಳ್ಳಗೆ ಕೂರುತ್ತೆ, ತಾಗಿದ್ರೆ ಹಳೇ ಹಲ್ಲುಜ್ಜೋ ಬ್ರಷ್ಷು, ಸೋಪು ನೀರು. ಇಡೀ ಕಾರ್ ನನಗೆ ಆರಾಮಾಗಿ ಒಂದೂವರೆ ಗಂಟೆ, ಮಧ್ಯ ಒಂದು ಟೀ ಸೇರಿ. ನಮ್ಮ ಬಿಸಿಲಿಗೆ ಕಾರ್ನೌಬಾ ನನಗೆ ಎರಡು ತಿಂಗಳು ಬಂದ್ರೆ ಹೆಚ್ಚು, ಸೀಲೆಂಟ್ ಅಂತ ಸಿಂಥೆಟಿಕ್ ಬರುತ್ತೆ ಅದು ಇನ್ನೂ ಜಾಸ್ತಿ ದಿನ ನಿಲ್ಲುತ್ತೆ. ನೀರು ಹಾಕಿದಾಗ ಹನಿ ಮುತ್ತಿನಂಗೆ ನಿಲ್ಲೋದು ಬಿಟ್ಟು ಹಾಳೆ ಥರ ಹರಡೋಕೆ ಶುರುವಾದ್ರೆ ಮತ್ತೆ ಹಚ್ಚೋ ಟೈಮ್ ಬಂತು ಅಂತ ಲೆಕ್ಕ.

ಮಷಿನ್‌ನಲ್ಲಿ ವ್ಯಾಕ್ಸ್ ಹಚ್ಚಲೇಬಾರದಾ ಅಂದ್ರೆ ಹಂಗೇನಿಲ್ಲ. ಡ್ಯುಯಲ್ ಆಕ್ಷನ್ ಅಂತ ಬರುತ್ತೆ, ಡಿಎ ಅಂತಾರೆ, ಅದು ತಿರುಗುತ್ತಾ ತಿರುಗುತ್ತಾ ಅಲುಗಾಡುತ್ತೆ, ಒಂದೇ ಕಡೆ ಬಿಸಿ ಕೂರಲ್ಲ, ಜೋರಾಗಿ ಒತ್ತಿದ್ರೆ ತಿರುಗೋದೇ ನಿಲ್ಲಿಸುತ್ತೆ, ಹೊಸಬರಿಗೆ ಅದೇ ಸೇಫ್. ಅದಕ್ಕೆ ಮೆತ್ತನೆ ಫೋಮ್ ಪ್ಯಾಡ್, ಲಿಕ್ವಿಡ್ ವ್ಯಾಕ್ಸ್, ಕಮ್ಮಿ ಸ್ಪೀಡ್ ಇಟ್ಟು ಹಚ್ಚಿದ್ರೆ ತೆಳ್ಳಗೆ ಸಮವಾಗಿ ಬರುತ್ತೆ, ಇನೋವಾ ಥರ ದೊಡ್ಡ ಗಾಡಿ ನಾಲ್ಕೈದು ಇದ್ದವರಿಗೆ ತೋಳು ಉಳಿಯುತ್ತೆ. ಒರೆಸೋದು ಹೆಂಗೂ ಕೈಯಲ್ಲೇ. ಒಂದು ಬಲೆನೊಗೆ ಪ್ಯಾಡ್ ತೊಳೆದು ಒಣಗಿಸಿ ವೈರ್ ಸುತ್ತಿ ಇಡೋ ಹೊತ್ತಲ್ಲಿ ನೀವು ಕೈಯಲ್ಲೇ ಹಚ್ಚಿ ಮುಗಿಸಿರ್ತೀರಿ.

ನೀವು ಮಾಡಬೇಕಾಗಿದ್ದು ಇಷ್ಟು. ಇವತ್ತು ರಾತ್ರಿ ಟಾರ್ಚ್ ಹಿಡಿದು ನೋಡ್ರಿ. ಬಲೆ ಇಲ್ಲ ಅಂದ್ರೆ ಪಾಲಿಶ್ ಮಾತೇ ಬ್ಯಾಡ, ಭಾನುವಾರ ಕೈಯಲ್ಲಿ ವ್ಯಾಕ್ಸ್. ಬಲೆ ಜೋರಾಗಿ ಕಂಡ್ರೆ ಡಿಎ ಮಷಿನ್ ಇರೋ ಅಂಗಡಿ ಹುಡುಕಿ ಒಂದೇ ಒಂದು ಸಲ ನುಣುಪು ಪಾಲಿಶ್ ಮಾಡಿಸ್ರಿ, ಏಣಿಗೆ ಟೇಪ್ ಅಂಟಿಸ್ತೀರಾ ಅಂತ ಕೇಳ್ರಿ, ಕೇಳಿದ್ದಕ್ಕೆ ನಕ್ಕರೆ ಕೀ ತಗೊಂಡು ವಾಪಸ್ ಬರ್ರಿ. ಮುಗಿದ ಮೇಲೆ ಅಲ್ಲೇ ಒಂದು ಜಾಗದಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ನ ನೀರು ಬೆರೆಸಿ ಒರೆಸಿಸಿ ನೋಡ್ರಿ, ಕೆಲವು ಪಾಲಿಶ್‌ನಲ್ಲಿರೋ ಎಣ್ಣೆ ಗೀರಿನೊಳಗೆ ತುಂಬ್ಕೊಂಡು ಮುಚ್ಚಿರುತ್ತೆ, ಆಲ್ಕೋಹಾಲ್ ಆ ಎಣ್ಣೆನ ತೆಗೆದು ನಿಜ ತೋರಿಸುತ್ತೆ, ಇಲ್ಲಾಂದ್ರೆ ಎರಡು ಮೂರು ಸಲ ತೊಳೆದ್ರೆ ಗೀರು ಮತ್ತೆ ಹಾಜರ್. ಉಗುರು ಎಳೆದಾಗ ಸಿಕ್ಕಿಕೊಳ್ಳೋ ಗೀರನ್ನ ಮಾತ್ರ ತೆಗಿಸೋಕೆ ಹೋಗಬ್ಯಾಡ್ರಿ, ಅಷ್ಟು ಆಳಕ್ಕೆ ಸವೆಸಿದ್ರೆ ಕ್ಲಿಯರ್ ಕೋಟ್ ಉಳಿಯಲ್ಲ, ಅದಕ್ಕೆ ಟಚ್‌ಅಪ್ ಬ್ರಷ್ಷೇ ಗತಿ. ಕಪ್ಪಿಗೂ ಕಂಪನಿ ಶೇಡ್ ಕೋಡ್ ಇರುತ್ತೆ, ಅದನ್ನ ಹೇಳೇ ತಗೊಳ್ರಿ, ನಾನು "ನೀಲಿ ಕೊಡ್ರಿ" ಅಂತ ಕೇಳಿ ತಂದು ಹಚ್ಚಿದ ಗೆರೆ ಬಿಸಿಲಲ್ಲಿ ಹತ್ತಡಿ ದೂರದಿಂದ ಕಾಣುತ್ತೆ.