ಓದುಗರ ಪ್ರಶ್ನೆ: ಸೂರ್ಯನ ಫೋಟೋ ಯಾಕೆ ನಡುಗುತ್ತದೆ?

ಪ್ರಶ್ನೆ: ತಾರಸಿ ಮೇಲೆ 80 ಮಿ.ಮೀ. ಲೆನ್ಸ್ ಟೆಲಿಸ್ಕೋಪ್ ಇಟ್ಟು, ಮುಂದೆ ಸೋಲಾರ್ ಫಿಲ್ಮ್ ಕಟ್ಟಿ, ಡಿಎಸ್‌ಎಲ್‌ಆರ್‌ನಲ್ಲಿ ಸೂರ್ಯನ ಫೋಟೋ ತೆಗೆಯುತ್ತೇನೆ. ಭಾನುವಾರ ಊಟ ಮುಗಿಸಿ ಕೂರುತ್ತೇನೆ. ಕಲೆಗಳು ಕಾಣುತ್ತವೆ, ಆದರೆ ಎಲ್ಲ ಕುದಿಯುವ ಹಾಗೆ ನಡುಗುತ್ತದೆ. ದೊಡ್ಡ ಟೆಲಿಸ್ಕೋಪ್ ಕೊಳ್ಳಬೇಕಾ ಸಾರ್?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ದುಡ್ಡು ಜೇಬಲ್ಲೇ ಇರಲಿ. ತೊಂದರೆ ಇರುವುದು ತಾರಸಿಯಲ್ಲಿ, ಮತ್ತೆ ನಿಮ್ಮ ಊಟದ ಹೊತ್ತಿನಲ್ಲಿ. ಮಧ್ಯಾಹ್ನ ಕಾಂಕ್ರೀಟು ಕಾದು ಬಿಸಿಗಾಳಿ ಏಳುತ್ತದೆ. ಕ್ಯಾಮೆರಾ ನೋಡುವುದು ಅದರ ಮೂಲಕವೇ. ದೊಡ್ಡದು ತಂದರೆ ಅದೇ ನಡುಕ ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಟೆಲಿಸ್ಕೋಪನ್ನು ಹುಲ್ಲಿನ ಮೇಲಿಡಿ. ಸಮತಟ್ಟಾಗಿದೆ ಅಂತ ಕಾಫಿ ಕಣಕ್ಕೆ ಒಯ್ಯಬೇಡಿ, ಅದೂ ಸಿಮೆಂಟೇ ಅಲ್ವಾ. ಬೆಳಗ್ಗೆ ಮಂಜು ಕರಗಿದ ಮೇಲೆ ಶುರು ಮಾಡಿ ಹತ್ತರೊಳಗೆ ಮುಗಿಸಿ. ಆಗ ಸೂರ್ಯ ಪೂರ್ವಕ್ಕಿರುತ್ತಾನೆ. ಆ ಕಡೆ ಪಕ್ಕದವರ ತಗಡಿನ ಶೀಟ್ ಇರಬಾರದು. ಕೆರೆ ಇದ್ದರೆ ನಿಮ್ಮ ಪುಣ್ಯ, ನೀರು ನೆಲದಷ್ಟು ಬೇಗ ಕಾಯುವುದಿಲ್ಲ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ಕಟ್ಟಿದ್ದು ಇದಕ್ಕೇ.

ನಿಮ್ಮ ಟ್ಯೂಬಿನ ಫೋಕಲ್ ಲೆಂತ್ 600 ಮಿ.ಮೀ. ಅಂದುಕೊಳ್ಳೋಣ. ಸೂರ್ಯನ ಬಿಂಬ ಸೆನ್ಸರ್ ಮೇಲೆ ಸುಮಾರು 5.5 ಮಿ.ಮೀ. ಬರುತ್ತದೆ. ಬಿಂಬವನ್ನು ಎರಡು ಪಟ್ಟು ಮಾಡುವ 2ಎಕ್ಸ್ ಬಾರ್ಲೋ ಲೆನ್ಸ್ ಹಾಕಿದರೆ 11. ಐಎಸ್‌ಒ 100 ಇಟ್ಟು, ಬಾರ್ಲೋ ಇಲ್ಲದೆ 1/400 ಸೆಕೆಂಡಿನಿಂದ ಶುರು ಮಾಡಿ, ಬಾರ್ಲೋ ಇದ್ದರೆ 1/100. ಫೋಕಸ್‌ಗೆ ಸೂರ್ಯನ ಅಂಚು ನಂಬಬೇಡಿ, ಒಂದು ಕಲೆ ಹಿಡಿಯಿರಿ. ಲೈವ್ ವ್ಯೂ ದೊಡ್ಡದು ಮಾಡಿ, ತಲೆ ಮೇಲೆ ಕಪ್ಪು ಕಂಬಳಿ ಹೊದ್ದು ನೋಡಿ. ಕಪ್ಪು ನಡುಭಾಗದ ಸುತ್ತ ಬೂದು ಪಟ್ಟಿ, ಅದರಲ್ಲಿ ಹೊರಗೆ ಚಾಚಿದ ಸಣ್ಣ ಎಳೆಗಳ ಗುರುತು ಕಂಡರೆ ಫೋಕಸ್ ಕೂತಿದೆ. ಆ ಬೂದು ಪಟ್ಟಿಯಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಅಂತ 1909ರಲ್ಲಿ ಖಗೋಳ ವಿಜ್ಞಾನಿ ಎವರ್ಶೆಡ್ ಕಂಡುಕೊಂಡದ್ದು ಇಲ್ಲೇ ನಮ್ಮ ಕೊಡೈಕೆನಾಲ್‌ನಲ್ಲಿ. ಒಂದೇ ಫೋಟೋಗೆ ತೃಪ್ತಿ ಪಡಬೇಡಿ. ವಿಡಿಯೋ ತೆಗೆದು, ಆಟೋಸ್ಟ್ಯಾಕರ್ಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿರುವ ಫ್ರೇಮ್‌ಗಳನ್ನಷ್ಟೇ ಸೇರಿಸಿ. ಅದು ಪುಕ್ಕಟೆ.

ಫಿಲ್ಮ್ ಯಾವುದು ಅಂತ ನೀವು ಬರೆದಿಲ್ಲ. ಪೊಟ್ಟಣದ ಮೇಲೆ ಸಾಂದ್ರತೆ 5.0 ಅಂತಿದ್ದರೆ ಬೆಳಕಿನ ಲಕ್ಷದಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತದೆ. 3.8 ಅಂತಿದ್ದರೆ ಅದು ಕ್ಯಾಮೆರಾಕ್ಕೆ ಮಾತ್ರ, ಕಣ್ಣಿಡಲೇಬೇಡಿ. ಪ್ರತಿ ಸಲ ಬಲ್ಬಿಗೆ ಹಿಡಿದು ತೂತು ಇದೆಯಾ ನೋಡಿ. ನಿಮ್ಮ ಕಡೆ ಗಾಳಿ ಜಾಸ್ತಿ, ಫಿಲ್ಟರನ್ನು ಟೇಪ್ ಸುತ್ತಿ ಬಿಗಿ ಮಾಡಿ. ಗುರಿ ಹಿಡಿಯುವ ಪುಟ್ಟ ದುರ್ಬೀನು, ಅಂದರೆ ಫೈಂಡರ್, ಬಿಚ್ಚಿಡಿ. ಸೂರ್ಯನನ್ನು ಹುಡುಕಲು ಟ್ಯೂಬಿನ ನೆರಳು ಸಾಕು: ನೆರಳು ಅತಿ ಚಿಕ್ಕದಾದಾಗ ಗುರಿ ಕೂತಿರುತ್ತದೆ.

ಪ್ರಶ್ನೆ: ಹಗಲಲ್ಲಿ ಧ್ರುವ ನಕ್ಷತ್ರ ಇಲ್ಲ. ಸೂರ್ಯನ ಜೊತೆ ಟೆಲಿಸ್ಕೋಪ್ ತಿರುಗಿಸುವ ಮೌಂಟ್ ಹೊಂದಿಸುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ನನಗೆ ರಾತ್ರಿಯೂ ಇಲ್ಲ, ಹಿತ್ತಲ ತೆಂಗಿನ ಮರ ಅಡ್ಡ. ನಮ್ಮ ಹಾಸನದ ಅಕ್ಷಾಂಶ 13 ಡಿಗ್ರಿ, ಮೌಂಟಿನ ಅಕ್ಷವನ್ನು ಅಷ್ಟಕ್ಕೆ ಓರೆ ಮಾಡಿ. ಫೋನಿನ ದಿಕ್ಸೂಚಿಯಲ್ಲಿ ಉತ್ತರ ನೋಡಿ, ಅಕ್ಷವನ್ನು ಆ ಕಡೆ ತಿರುಗಿಸಿ. ಸಣ್ಣ ವಿಡಿಯೋಗಳಿಗೆ ಇಷ್ಟು ಸಾಕು. ಇಷ್ಟು ತಗ್ಗಿಸಿದಾಗ ಕೆಲವು ಮೌಂಟ್‌ಗಳ ತೂಕದ ಕಂಬಿ ಸ್ಟ್ಯಾಂಡಿನ ಉತ್ತರದ ಕಾಲಿಗೆ ತಾಗುತ್ತದೆ. ಸ್ಟ್ಯಾಂಡ್ ತಿರುಗಿಸಿ, ಉತ್ತರಕ್ಕೆ ಎರಡು ಕಾಲುಗಳ ನಡುವಿನ ಜಾಗ ಬರಲಿ.

ಪ್ರಶ್ನೆ: ಸೋಲಾರ್ ಫಿಲ್ಮ್ ಬದಲು ಎಕ್ಸ್‌ರೇ ಫಿಲ್ಮ್ ನಡೆಯುತ್ತಾ?
– ಓದುಗರೊಬ್ಬರು, ಕಡೂರು

ಉತ್ತರ: ಬೇಡವೇ ಬೇಡ. ಕಣ್ಣಿಡುವ ಲೆನ್ಸಿಗೆ, ಅಂದರೆ ಐಪೀಸ್‌ಗೆ, ತಿರುಗಿಸಿ ಹಾಕುವ ಕಪ್ಪು ಗಾಜು ಹಳೇ ಸೆಟ್ಟಿನಲ್ಲಿ ಬಂದಿದ್ದರೆ ಅದನ್ನೂ ಎಸೆಯಿರಿ. ಬಿಸಿಗೆ ಸೀಳುತ್ತದೆ.