ನನ್ನ ಸೈಟಿಗೆ ಎಸ್‌ಇಒ ತಜ್ಞರನ್ನು ಗೊತ್ತು ಮಾಡಿಕೊಳ್ಳಬೇಕಾ?

ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಸೈಟು ಶುರು ಮಾಡಿ ವರ್ಷವಾಯಿತು, ಗೂಗಲ್‌ನಿಂದ ಜನವೇ ಬರುತ್ತಿಲ್ಲ ಅಂದಿದ್ದೀರಿ. ಈಗ ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಕಾಣುವಂತೆ ಮಾಡುವ ಕೆಲಸದವರು ಯಾರೋ ಒಬ್ಬರು ‘ಮೂರು ತಿಂಗಳಲ್ಲಿ ಮೊದಲ ಪುಟ, ಗ್ಯಾರಂಟಿ’ ಅಂತ ಮೇಲ್ ಕಳಿಸಿದ್ದಾರೆ, ತಿಂಗಳು ತಿಂಗಳು ದುಡ್ಡು ಕೊಟ್ಟು ಅವರನ್ನು ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ.

ಆ ಮೇಲ್‌ನವರಿಗೆ ಬೇಡ ಅನ್ನಿ. ಅದಕ್ಕೆ ಜಾಸ್ತಿ ಯೋಚನೆ ಬೇಕಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತಾನೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಕೇಳದೇ ಬರುವ ಇಂಥ ಮೇಲ್‌ಗಳ ಬಗ್ಗೆ ಹುಷಾರಾಗಿರಿ ಅಂತಲೂ ಅಲ್ಲೇ ಇದೆ. ಅದೂ ಅಲ್ಲದೆ, ‘ಮೊದಲ ಪುಟ’ ಅನ್ನುವುದು ಅರ್ಧ ಮಾತು. ಏನು ಹುಡುಕಿದಾಗ ಮೊದಲ ಪುಟ? ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿದರೆ ಈಗಲೇ ನೀವು ಮೇಲಿರಬಹುದು. ಯಾರೂ ಟೈಪ್ ಮಾಡದ ಉದ್ದನೆಯ ಸಾಲೊಂದಕ್ಕೆ ಮೊದಲು ಬರುವುದೂ ಕಷ್ಟವಲ್ಲ. ಅದರಿಂದ ಒಂದು ಸೂಜಿಯೂ ಮಾರಾಟವಾಗುವುದಿಲ್ಲ, ಅಷ್ಟೇ.

ಇನ್ನು ಒಳ್ಳೆಯ ತಜ್ಞರು ಸಿಕ್ಕರೆ ಬೇಕಾ ಅನ್ನುವ ಪ್ರಶ್ನೆ. ನಾನು ಸೈಟು ಕಟ್ಟುವ, ಕಟ್ಟಿದ್ದನ್ನು ನೋಡಿಕೊಳ್ಳುವ ಕೆಲಸದವನು. ಎಸ್‌ಇಒ ನನ್ನ ಹೊಟ್ಟೆಪಾಡಲ್ಲ, ಆದರೆ ಅದನ್ನು ಮಾಡುವವರ ಜೊತೆ ಕೂತು ಕೆಲಸ ಮಾಡಿದ್ದೇನೆ. ಅವರಲ್ಲಿ ನಿಜಕ್ಕೂ ಕೆಲಸ ಬಲ್ಲವರಿದ್ದಾರೆ. ಆದರೂ ನಿಮ್ಮಂಥ ಸಣ್ಣ ಸೈಟಿಗೆ ತಿಂಗಳ ಲೆಕ್ಕದಲ್ಲಿ ಒಬ್ಬರನ್ನು ಇಟ್ಟುಕೊಳ್ಳುವುದು ಹೆಚ್ಚಿನ ಸಲ ದಂಡ ಅಂತಲೇ ನನ್ನ ಅಭಿಪ್ರಾಯ. ತೊಂದರೆ ಏನು ಅಂತ ಮೊದಲು ನೀವೇ ನೋಡಿಕೊಳ್ಳಿ. ಆಮೇಲೆ ಬೇಕಿದ್ದರೆ ಇಂಥದ್ದೇ ಕೆಲಸ ಅಂತ ಗುರುತು ಮಾಡಿ, ಅಷ್ಟಕ್ಕೆ ಮಾತ್ರ ಜನ ಹಿಡಿಯಿರಿ.

ನೋಡಿಕೊಳ್ಳುವುದು ಹೇಗೆ? ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಉಪಕರಣ ಇದೆ. ಪೂರ್ತಿ ಉಚಿತ. ಸೈಟು ನಿಮ್ಮದೇ ಅಂತ ಸಾಬೀತು ಮಾಡಿದರೆ ಸಾಕು, ಕೆಲವು ದಿನಗಳಲ್ಲಿ ಲೆಕ್ಕ ತುಂಬಿಕೊಳ್ಳಲು ಶುರುವಾಗುತ್ತದೆ. ಅದರಲ್ಲಿ ಎರಡೇ ವರದಿ ನೋಡಿ. ನಿಮ್ಮ ಯಾವ ಪುಟಗಳು ಗೂಗಲ್ ಇಂಡೆಕ್ಸ್‌ನಲ್ಲಿವೆ (ಹುಡುಕಾಟಕ್ಕಾಗಿ ಅದು ಇಟ್ಟುಕೊಳ್ಳುವ ಪುಟಗಳ ಪಟ್ಟಿ), ಯಾವುವು ಇಲ್ಲ, ಯಾಕಿಲ್ಲ ಅಂತ ಒಂದು ವರದಿ ಹೇಳುತ್ತದೆ. ಜನ ಏನು ಟೈಪ್ ಮಾಡಿದಾಗ ನಿಮ್ಮ ಸೈಟು ಕಾಣಿಸಿತು, ಎಷ್ಟು ಸಲ, ಎಷ್ಟು ಜನ ಒತ್ತಿ ಒಳಗೆ ಬಂದರು ಅನ್ನುವುದು ಇನ್ನೊಂದರಲ್ಲಿ.

ಪುಟಗಳು ಇಂಡೆಕ್ಸ್‌ನಲ್ಲೇ ಇಲ್ಲದಿದ್ದರೆ ಕಾರಣ ಬಹಳ ಸಲ ಚಿಕ್ಕದು. ಸೈಟು ಕಟ್ಟುವಾಗ ಯಾರೂ ನೋಡದಿರಲಿ ಅಂತ ಹಾಕಿದ ‘ನೋಇಂಡೆಕ್ಸ್’ ಗುರುತು ಹಾಗೇ ಉಳಿದಿರುತ್ತದೆ. ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಾದರೆ ಸರ್ಚ್ ಎಂಜಿನ್‌ಗಳು ಬರದಿರಲಿ ಅನ್ನುವ ಒಂದು ಟಿಕ್ ಗುರುತಿದೆ, ಅದನ್ನು ತೆಗೆಯಲು ಮರೆತವರು ಎಷ್ಟು ಜನವೋ. ಇಲ್ಲವೇ ಸರ್ಚ್ ಎಂಜಿನ್‌ಗಳು ಎಲ್ಲಿ ಬರಬಹುದು, ಎಲ್ಲಿ ಬಾರದು ಅಂತ ಹೇಳುವ ರೋಬೋಟ್ಸ್ ಕಡತದಲ್ಲಿ ಬಾಗಿಲು ಹಾಕಿರುತ್ತದೆ. ಇದಕ್ಕೆಲ್ಲ ಎಸ್‌ಇಒ ತಜ್ಞರು ಬೇಡ. ಸೈಟು ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ ಆಯಿತು.

‘ಗೂಗಲ್ ಓದಿದೆ, ಆದರೆ ಇಂಡೆಕ್ಸ್ ಮಾಡಿಲ್ಲ’ ಅನ್ನುವ ಅರ್ಥದ ಸಾಲು ಬಹಳ ಪುಟಗಳ ಮುಂದೆ ಇದ್ದರೆ ಮಾತು ಬೇರೆ. ಪುಟವನ್ನು ನೋಡಿಯೂ ಅದು ಇಟ್ಟುಕೊಂಡಿಲ್ಲ. ಯಂತ್ರ ತಯಾರಿಸಿದವರು ಕೊಟ್ಟ ವಿವರಣೆಯನ್ನೇ ಯಥಾವತ್ತು ಅಂಟಿಸಿದ್ದೀರಾ? ಅದೇ ಸಾಲುಗಳು ಇನ್ನೂ ಎಷ್ಟೋ ಸೈಟುಗಳಲ್ಲಿ ಇರುತ್ತವೆ. ನಿಮ್ಮದನ್ನೇ ಯಾಕೆ ತೋರಿಸಬೇಕು ಹೇಳಿ?

ನನ್ನ ಊಹೆ, ನಿಮ್ಮ ನಿಜವಾದ ತೊಂದರೆ ಇಲ್ಲೇ ಇದೆ. ನಿಮ್ಮ ಸೈಟಿಗೆ ಬರಬೇಕಾದವರು ಯಾರು? ಮನೆಯಲ್ಲಿ ಹೊಲಿಯುವವರು, ಟೈಲರ್‌ಗಳು. ಅರ್ಧ ಹೊಲಿದ ಬಟ್ಟೆ ಮುಂದಿದೆ, ಯಂತ್ರ ಕೈಕೊಟ್ಟಿದೆ. ಅವರು ‘ರೋಟರಿ ಹುಕ್ ಅಸೆಂಬ್ಲಿ’ ಅಂತ ಹುಡುಕುವುದಿಲ್ಲ. ‘ಬಟ್ಟೆ ಕೆಳಗೆ ದಾರ ಗಂಟಾಗುತ್ತೆ’ ಅಂತಲೋ ‘ಬಾಬಿನ್ ಕೇಸ್ ಕೂರ್ತಿಲ್ಲ’ ಅಂತಲೋ ಹುಡುಕುತ್ತಾರೆ. ಇಲ್ಲವೇ ಯಂತ್ರದ ಮೈಮೇಲೆ ಬರೆದ ಮಾಡೆಲ್ ನಂಬರನ್ನೇ ಟೈಪ್ ಮಾಡುತ್ತಾರೆ. ಆ ಮಾತುಗಳು ನಿಮ್ಮ ಪುಟಗಳಲ್ಲಿ ಎಲ್ಲಾದರೂ ಇವೆಯಾ? ಇಲ್ಲದಿದ್ದರೆ ಗೂಗಲ್ ಆದರೂ ಏನು ಮಾಡೀತು.

ಕೆಳದಾರ ಸುತ್ತುವ ಸಣ್ಣ ಸುರುಳಿ, ಬಾಬಿನ್‌ನ್ನೇ ತೆಗೆದುಕೊಳ್ಳಿ. ಕ್ಲಾಸ್ 15 ಬಾಬಿನ್‌ನ ಎರಡೂ ಪಕ್ಕ ಚಪ್ಪಟೆ. ಕ್ಲಾಸ್ 66ರ ಪಕ್ಕಗಳು ಸ್ವಲ್ಪ ಉಬ್ಬಿರುತ್ತವೆ. ಗೊತ್ತಿಲ್ಲದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ತಪ್ಪಾದದ್ದನ್ನು ಹಾಕಿದರೆ ದಾರ ಸಿಕ್ಕಿಕೊಳ್ಳುತ್ತದೆ, ವಸ್ತು ವಾಪಸ್ ಬರುತ್ತದೆ, ಬೈಗುಳ ನಿಮಗೆ. ಈ ವ್ಯತ್ಯಾಸವನ್ನು ಎರಡು ಫೋಟೊ, ಪಕ್ಕದಲ್ಲೊಂದು ಸ್ಕೇಲು ಇಟ್ಟು ಬರೆದ ಪುಟ ನಿಮ್ಮಲ್ಲಿದ್ದರೆ ಜನ ಅದನ್ನು ಹುಡುಕಿಕೊಂಡು ಬರಲು ಕಾರಣವಿದೆ. ಈ ಭಾಗ ಯಾವ ಯಂತ್ರಕ್ಕೆ ಹೊಂದುತ್ತದೆ ಅನ್ನುವುದರ ಜೊತೆಗೆ ಯಾವುದಕ್ಕೆ ಹೊಂದುವುದಿಲ್ಲ ಅಂತಲೂ ಬರೆಯಿರಿ. ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ, ನೋಡಿ. ಗ್ರಾಹಕರು ನಿಮಗೆ ವಾಟ್ಸಾಪ್‌ನಲ್ಲಿ ಕಳಿಸಿದ ಪ್ರಶ್ನೆಗಳನ್ನು ತೆಗೆದು ಓದಿ. ಏನು ಬರೆಯಬೇಕು ಅಂತ ಅಲ್ಲೇ ಸಿಗುತ್ತದೆ, ಅವರದೇ ಮಾತಿನಲ್ಲಿ.

ಈ ಕೆಲಸವನ್ನು ಹೊರಗಿನ ತಜ್ಞರಿಂದ ಮಾಡಿಸಿದರೆ ಏನಾಗುತ್ತದೆ ಅಂದರೆ, ಅವರಿಗೆ ಬಾಬಿನ್ ಗೊತ್ತಿರುವುದಿಲ್ಲ. ನಾಲ್ಕು ಸೈಟು ನೋಡಿ ಐದನೆಯದನ್ನು ಬರೆಯುತ್ತಾರೆ. ಈಗಂತೂ ಎಐ ಯಂತ್ರದಿಂದಲೇ ಬರೆಸಿ ರಾಶಿ ಹಾಕುತ್ತಾರೆ. ರ‍್ಯಾಂಕಿಂಗ್‌ಗಾಗಿಯೇ, ಅಂದರೆ ಹುಡುಕಾಟದಲ್ಲಿ ಮೇಲಿನ ಸ್ಥಾನಕ್ಕಾಗಿಯೇ, ಹೀಗೆ ರಾಶಿ ರಾಶಿ ಪುಟ ಮಾಡುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಸೇರಿಸಿದೆ. ಬರೆದದ್ದು ಮನುಷ್ಯರೋ ಯಂತ್ರವೋ ಅನ್ನುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೆಯ ವರದಿಯಲ್ಲಿ ಕಾಣಿಸಿದ್ದು ಜಾಸ್ತಿ, ಒತ್ತಿದ್ದು ಕಡಿಮೆ ಅಂತಿದ್ದರೆ ಎರಡು ಸಾಧ್ಯತೆ. ನೀವು ತುಂಬಾ ಕೆಳಗಿದ್ದೀರಿ, ಅಥವಾ ಪುಟದ ಟೈಟಲ್ ‘ಹೋಮ್’, ‘ಪ್ರಾಡಕ್ಟ್’ ಅಂತ ಸುಮ್ನೆ ಕೂತಿದೆ. ಟೈಟಲ್ ತಿದ್ದುವುದು ನಿಮ್ಮ ಕೈಯಲ್ಲೇ ಇದೆ.

ಹಾಗಾದರೆ ತಜ್ಞರು ಯಾವಾಗ ಬೇಕು? ಸೈಟನ್ನು ಹೊಸದಾಗಿ ಕಟ್ಟಿಸುವಾಗ ಅಥವಾ ಬೇರೆ ಡೊಮೇನ್‌ಗೆ (ಸೈಟಿನ ಹೆಸರಿಗೆ) ಸಾಗಿಸುವಾಗ ಖಂಡಿತ ಬೇಕು, ಅದೂ ಕೆಲಸ ಶುರುವಾಗುವ ಮೊದಲೇ. ಹಳೆಯ ಪ್ರತಿ ವಿಳಾಸದಿಂದ ಹೊಸ ವಿಳಾಸಕ್ಕೆ 301 ರೀಡೈರೆಕ್ಟ್ (ಪುಟ ಕಾಯಂ ಆಗಿ ಸಾಗಿದೆ ಅಂತ ಹೇಳಿ ಹೊಸ ಕಡೆಗೆ ಕಳಿಸುವ ಸೂಚನೆ) ಹಾಕಬೇಕು, ಕಡಿಮೆಯೆಂದರೂ ಒಂದು ವರ್ಷ ಇಡಬೇಕು. ಇದನ್ನು ಮಾಡದಿದ್ದರೆ ವರ್ಷಗಟ್ಟಲೆ ಕೂಡಿಟ್ಟದ್ದು ಬೇಗನೇ ಕರಗಬಹುದು. ಸಾವಿರಾರು ವಸ್ತುಗಳಿದ್ದು, ಬಣ್ಣ, ಅಳತೆ, ಬ್ರ್ಯಾಂಡ್ ಅಂತ ಫಿಲ್ಟರ್ ಒತ್ತಿದಾಗಲೆಲ್ಲ ಹೊಸ ವಿಳಾಸ ಹುಟ್ಟುವ ಸೈಟಿಗೂ ಬೇಕು. ಇದ್ದಕ್ಕಿದ್ದಂತೆ ಬರುವವರ ಸಂಖ್ಯೆ ಬಿದ್ದು, ಕಾರಣ ನಿಮಗಾಗಲಿ ಡೆವಲಪರ್‌ಗಾಗಲಿ ತಿಳಿಯದಿದ್ದರೂ ಬೇಕು. ಹಲವು ಭಾಷೆಯ ಸೈಟಿಗೂ ಅಷ್ಟೇ.

ಲಿಂಕುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ‘ತಿಂಗಳಿಗೆ ಇಷ್ಟು ಬ್ಯಾಕ್‌ಲಿಂಕ್’ ಅನ್ನುವ ಪ್ಯಾಕೇಜ್ ನಿಮ್ಮ ಮೇಲ್‌ನಲ್ಲೂ ಇರುತ್ತದೆ, ಬೇಕಾದರೆ ನೋಡಿ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಶುರು ಮಾಡಿದಾಗ ಅದರ ಬಲ ಇದ್ದದ್ದೇ ಲಿಂಕುಗಳನ್ನು ಎಣಿಸಿ ತೂಗುವ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ. ಬೇರೆಯವರು ನಿಮ್ಮ ಪುಟಕ್ಕೆ ಲಿಂಕ್ ಕೊಟ್ಟರೆ ಅದು ನಿಮ್ಮ ಪರವಾಗಿ ಹಾಕಿದ ಓಟಿನಂತೆ. ಓಟು ಇದ್ದಲ್ಲಿ ಓಟು ಕೊಳ್ಳುವವರೂ ಹುಟ್ಟಿಕೊಂಡರು. 2011ರ ಫೆಬ್ರವರಿಯಲ್ಲಿ ಅಮೆರಿಕದ ದೊಡ್ಡ ಅಂಗಡಿ ಜೆ. ಸಿ. ಪೆನ್ನಿ ಪರವಾಗಿ ಸಂಬಂಧವೇ ಇಲ್ಲದ ಸೈಟುಗಳಲ್ಲಿ ಸಾವಿರಾರು ಲಿಂಕ್ ಹಾಕಿಸಿದ್ದನ್ನು ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಗೂಗಲ್ ಅದನ್ನು ಕೆಳಕ್ಕೆ ತಳ್ಳಿತು. ತನಗೆ ಗೊತ್ತೇ ಇರಲಿಲ್ಲ ಅಂತ ಆ ಕಂಪನಿ ಹೇಳಿ, ಎಸ್‌ಇಒ ಸಂಸ್ಥೆಯನ್ನು ಬಿಟ್ಟಿತು. ಆದರೆ ಏಟು ಬಿದ್ದದ್ದು ಅಂಗಡಿಗೇ. ಮರುವರ್ಷ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಲೆಕ್ಕಾಚಾರದಲ್ಲಿ ತಂದ ಪೆಂಗ್ವಿನ್ ಅನ್ನುವ ಬದಲಾವಣೆಯಲ್ಲಿ ಇಂಥ ಲಿಂಕ್ ನೆಚ್ಚಿಕೊಂಡ ಸೈಟುಗಳು ಸಾಲುಸಾಲಾಗಿ ಬಿದ್ದವು. ಈಗ ಗೂಗಲ್ ಇಂಥವನ್ನು ಬಹುಪಾಲು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ನೀವು ಕೊಟ್ಟ ದುಡ್ಡು ಹೋಯಿತು, ಕೆಟ್ಟದಾದರೆ ಜೊತೆಗೆ ದಂಡನೆಯೂ ಬಂತು.

ತಜ್ಞರನ್ನು ಹಿಡಿಯುವುದೇ ಆದರೆ ಮೊದಲು ಬರೀ ಆಡಿಟ್ ಮಾಡಿಸಿ. ಏನು ಕೆಟ್ಟಿದೆ, ಏನು ಬದಲಿಸಬೇಕು, ಯಾಕೆ ಅಂತ ಬರೆದು ಕೊಡಲಿ. ಅಷ್ಟಕ್ಕೆ ದುಡ್ಡು. ಆ ಹಂತದಲ್ಲಿ ಸರ್ಚ್ ಕನ್ಸೋಲ್‌ನಲ್ಲಿ ನೋಡಲು ಮಾತ್ರ ಅನುಮತಿ ಕೊಡಿ. ‘ಓನರ್’ ಯಾವತ್ತೂ ನೀವೇ ಇರಿ. ಡೊಮೇನ್ ನಿಮ್ಮ ಹೆಸರಲ್ಲಿ, ಹೋಸ್ಟಿಂಗ್ (ಸೈಟಿನ ಕಡತಗಳನ್ನು ಇಡುವ ಬಾಡಿಗೆ ಜಾಗ) ನಿಮ್ಮ ಹೆಸರಲ್ಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ. ಜಗಳವಾದ ಮೇಲೆ ಡೊಮೇನೇ ಅವರ ಹೆಸರಲ್ಲಿದೆ ಅಂತ ಗೊತ್ತಾದವರ ಪಾಡನ್ನು ನೋಡಿದ್ದೇನೆ, ಬೇಡ.

ಮಾತಾಡುವಾಗ ಒಂದು ಪ್ರಶ್ನೆ ಕೇಳಿ: ‘ನನ್ನ ಸೈಟಿನಲ್ಲಿ ಯಾವ ಪುಟ ತೆಗೆದುಹಾಕುತ್ತೀರಿ, ಯಾಕೆ?’ ಸೈಟನ್ನು ತೆರೆದು ನೋಡಿದವರಿಗೆ ಮಾತ್ರ ಇದಕ್ಕೆ ಉತ್ತರ ಬರುತ್ತದೆ. ಫಲ ಯಾವಾಗ ಅಂತಲೂ ಕೇಳಿ. ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುವುದು ಸಾಮಾನ್ಯ ಅಂತ ಗೂಗಲ್‌ನವರೇ ಹೇಳಿದ್ದಾರೆ. ಅದಕ್ಕಿಂತ ತುಂಬಾ ಬೇಗ ಅಂದವರನ್ನು ನಂಬಬೇಡಿ. ‘ಕೀವರ್ಡ್ಸ್ ಮೆಟಾ ಟ್ಯಾಗ್ ತುಂಬುತ್ತೇವೆ’, ಅಂದರೆ ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಹುಡುಕುಪದಗಳ ಪಟ್ಟಿ ಹಾಕುತ್ತೇವೆ ಅಂದರೆ ಅಲ್ಲಿಗೇ ಮಾತು ಮುಗಿಸಿ. ರ‍್ಯಾಂಕಿಂಗ್‌ಗೆ ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ‘ಡೊಮೇನ್ ಅಥಾರಿಟಿ’ ಅಂಕ ಏರಿಸುತ್ತೇವೆ ಅನ್ನುವುದೂ ಹಾಗೇ. ಅದು ಮಾಜ್ ಅನ್ನುವ ಕಂಪನಿಯ ಅಂದಾಜು, ಗೂಗಲ್‌ನದ್ದಲ್ಲ.

ಹೊಸದೊಂದು ಮಾರಾಟ ಶುರುವಾಗಿದೆ: ಎಐ ಉತ್ತರಗಳಲ್ಲಿ ನಿಮ್ಮ ಹೆಸರು ತರಿಸುತ್ತೇವೆ ಅಂತ. ಗೂಗಲ್‌ನ ಎಐ ಓವರ್‌ವ್ಯೂನಲ್ಲಿ (ಫಲಿತಾಂಶಗಳ ಮೇಲೆ ಎಐ ಬರೆದು ತೋರಿಸುವ ಉತ್ತರದಲ್ಲಿ) ಬರಲು ವಿಶೇಷ ಕಸರತ್ತು ಏನೂ ಬೇಡ ಅಂತ ಅವರೇ ಬರೆದಿದ್ದಾರೆ. ‘ದಾರ ಯಾಕೆ ಗಂಟಾಗುತ್ತೆ’ ಅನ್ನುವುದಕ್ಕೆ ಉತ್ತರ ಅಲ್ಲೇ ಮೇಲೆ ಸಿಕ್ಕರೆ ಕೆಲವರು ನಿಮ್ಮ ಸೈಟಿನ ತನಕ ಬರದಿರಬಹುದು, ನಿಜ. ಆದರೆ ಬಾಬಿನ್ ಬೇಕಾದವರು ಎಲ್ಲಿಂದಲಾದರೂ ಕೊಳ್ಳಲೇಬೇಕಲ್ವಾ?

ಮುಂದಿನ ತಿಂಗಳೇ ಮಾರಾಟ ಬೇಕು ಅನ್ನುವ ಅವಸರ ಇದ್ದರೆ ಜಾಹೀರಾತು ಕೊಡಿ, ಎಸ್‌ಇಒ ಅದಕ್ಕಲ್ಲ. ಜಾಹೀರಾತು ಕೊಟ್ಟರೆ ಮಾಮೂಲಿ ಫಲಿತಾಂಶದಲ್ಲೂ ಮೇಲೆ ಬರುತ್ತೀರಿ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು.

ಸದ್ಯಕ್ಕೆ ಸರ್ಚ್ ಕನ್ಸೋಲ್ ಹಾಕಿಸಿ, ನಿಮ್ಮಲ್ಲಿ ಹೆಚ್ಚು ಹೋಗುವ ಹತ್ತು ವಸ್ತುಗಳ ಪುಟವನ್ನು ನಿಮ್ಮ ಮಾತಲ್ಲೇ ಹೊಸದಾಗಿ ಬರೆಯಿರಿ. ಒಂದಷ್ಟು ತಿಂಗಳು ಬಿಟ್ಟು ಆ ಹತ್ತು ಪುಟಗಳ ಲೆಕ್ಕವನ್ನೂ ಮುಟ್ಟದ ಪುಟಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಂಡೆಕ್ಸ್ ವರದಿಯಲ್ಲಿ ಅರ್ಥವಾಗದ ಕಾರಣ ಏನಾದರೂ ಕಂಡರೆ ಆ ಸಾಲನ್ನು ಇಲ್ಲೇ ಬರೆಯಿರಿ. ಅದು ಡೆವಲಪರ್ ಕೆಲಸವೋ, ತಜ್ಞರದ್ದೋ ಅಂತ ಹೇಳುತ್ತೇನೆ.