ಪುಲಕೇಶಿಯೋ, ಪುಲಿಕೇಶಿಯೋ? ಮಗನಿಗೆ ಈ ಹೆಸರಿಡುವ ಮುನ್ನ

ಪ್ರಶ್ನೆ: ನಾವು ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರು. ಕಳೆದ ತಿಂಗಳು ಹುಟ್ಟಿದ ನಮ್ಮ ಮಗನದು ಹಸ್ತಾ ನಕ್ಷತ್ರದ ಮೊದಲ ಪಾದವಾದ್ದರಿಂದ ‘ಪು’ ಅಕ್ಷರದಿಂದ ಹೆಸರಿಡಬೇಕೆಂದು ಪುರೋಹಿತರು ಹೇಳಿದ್ದಾರೆ. ಬಾಗಲಕೋಟೆ ಜಿಲ್ಲೆಯವರಾದ ನಮ್ಮ ಮಾವನವರಿಗೆ ಪುಲಕೇಶಿ ಎಂದೇ ಇಡಬೇಕೆಂಬ ಆಸೆ. ಅದು ಅವರ ತಂದೆಯ ಹೆಸರೂ ಹೌದು. ನಮಗೂ ಹೆಸರು ಹಿಡಿಸಿದೆ. ಆದರೆ ಅದರ ಅರ್ಥ ಕೇಳಿದರೆ ಒಬ್ಬರು ‘ಹುಲಿ’ ಎನ್ನುತ್ತಾರೆ, ಇನ್ನೊಬ್ಬರು ‘ರೋಮಾಂಚನ’ ಎನ್ನುತ್ತಾರೆ. ಬರೆಯುವಾಗಲೂ ಕೆಲವರು ಪುಲಕೇಶಿ, ಕೆಲವರು ಪುಲಿಕೇಶಿ ಎಂದು ಬರೆಯುತ್ತಾರೆ. ಇದು ಕನ್ನಡದ ಹೆಸರೋ, ಸಂಸ್ಕೃತದ್ದೋ? ಇಂದಿನ ಮಗುವಿಗೆ ಇದು ಒಗ್ಗುವ ಹೆಸರೇ?

ಉತ್ತರ: ನಿಮ್ಮ ಮಾವನವರ ಆಸೆಯ ಹಿಂದೆ ಅವರಿಗೇ ತಿಳಿದಿರಲಾರದ ಒಂದು ಹಳೆಯ ಪದ್ಧತಿಯಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಅರ್ಥದ ವಿಚಾರ ಕೊಂಚ ತೊಡಕಿನದಾದ್ದರಿಂದ ಅದನ್ನೇ ಮೊದಲು ಬಿಡಿಸೋಣ.

ಹೆಸರಿನ ಉತ್ತರಾರ್ಧದಲ್ಲಿ ಗೊಂದಲವಿಲ್ಲ. ‘ಕೇಶಿ’ ಎಂಬುದು ಸಂಸ್ಕೃತದ ‘ಕೇಶಿನ್’, ಅಂದರೆ ಕೂದಲುಳ್ಳವನು, ಕೇಸರವುಳ್ಳವನು. ಯೋಗಿನ್ ಎಂಬುದು ಯೋಗಿಯಾದಂತೆ, ಹಸ್ತಿನ್ ಎಂಬುದು ಹಸ್ತಿಯಾದಂತೆ ಇದೂ ಕನ್ನಡದಲ್ಲಿ ಕೇಶಿ ಎಂದೇ ನಿಲ್ಲುತ್ತದೆ. ಇಂಗ್ಲಿಷಿನ ಇತಿಹಾಸ ಪುಸ್ತಕಗಳಲ್ಲಿ ‘ಪುಲಕೇಶಿನ್’ ಎಂದು ಕಾಣುವುದು ಆ ಪದದ ಮೂಲರೂಪವೇ ಹೊರತು ಯಾರನ್ನೂ ಕೂಗಿ ಕರೆಯುವ ರೂಪವಲ್ಲ. ಅದನ್ನು ಪ್ರಮಾಣಪತ್ರದಲ್ಲಿ ಬರೆಸುವ ಅಗತ್ಯವಿಲ್ಲ.

ಚರ್ಚೆ ಇರುವುದೆಲ್ಲ ಪೂರ್ವಾರ್ಧದ ಬಗ್ಗೆ. ಸಂಸ್ಕೃತದ ಕಡೆಯಿಂದ ನೋಡುವವರು ಅದನ್ನು ‘ಪುಲಕ’ ಎಂದು ಓದಿ, ಪುಲಕಗೊಂಡು ನಿಮಿರಿ ನಿಂತ ಕೂದಲುಳ್ಳವನು ಎಂದು ಅರ್ಥ ಹೇಳುತ್ತಾರೆ. ಈ ಓದಿಗೆ ವ್ಯಾಕರಣದ ಒಂದು ಅಡ್ಡಿಯಿದೆ. ಪುಲಕ ಮತ್ತು ಕೇಶಿ ಸೇರಿದರೆ ‘ಪುಲಕಕೇಶಿ’ ಆಗಬೇಕು; ಉಚ್ಚಾರದಲ್ಲಿ ಒಂದು ‘ಕ’ ಉದುರಿಹೋಯಿತೆಂದು ಒಪ್ಪಿದರೆ ಮಾತ್ರ ಪುಲಕೇಶಿ ದೊರೆಯುತ್ತದೆ. ಶಾಸನತಜ್ಞರಾದ ಫ್ಲೀಟ್ ಮತ್ತು ಡಿ.ಸಿ. ಸರ್ಕಾರ್ ಅವರು ಇದನ್ನು ಕನ್ನಡ ಮತ್ತು ಸಂಸ್ಕೃತ ಬೆರೆತ ಹೆಸರೆಂದು ಕಂಡು, ಹಳಗನ್ನಡದ ‘ಪುಲಿ’ ಎಂಬ ಪದವನ್ನು ಅದರಲ್ಲಿ ಗುರುತಿಸಿದರು. ಆಗ ಅರ್ಥ ‘ಹುಲಿಯಂಥ ಕೂದಲುಳ್ಳವನು’ ಎಂದಾಗುತ್ತದೆ. ‘ಕೇಶಿ’ಯನ್ನು ಸಿಂಹವೆಂದು ತೆಗೆದುಕೊಂಡು ‘ಮಹಾಸಿಂಹ’ ಎಂದು ಅರ್ಥೈಸಿದ ವಿದ್ವಾಂಸರೂ ಇದ್ದಾರೆ.

ಇಷ್ಟು ಮತಗಳಲ್ಲಿ ಒಂದನ್ನು ಆರಿಸಿಕೊಳ್ಳಲು ನಮಗೆ ಒಂದು ಸಾಕ್ಷ್ಯವಿದೆ, ಅದೂ ಇಮ್ಮಡಿ ಪುಲಕೇಶಿಯ ಕಾಲದ್ದೇ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಶಕ 556ರ, ಅಂದರೆ ಕ್ರಿ.ಶ. 634-35ರ, ಸಂಸ್ಕೃತ ಶಾಸನವಿದೆ. ಅದನ್ನು ರಚಿಸಿದ ರವಿಕೀರ್ತಿ ತನ್ನ ಕಾವ್ಯದ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಯ ಸಮಕ್ಕೆ ಇಟ್ಟುಕೊಂಡ ಕವಿ; ಛಂದಸ್ಸಿನಲ್ಲಿ ಎಡವುವವನಲ್ಲ. ಇಮ್ಮಡಿ ಪುಲಕೇಶಿ ಮತ್ತು ಅವನ ಚಿಕ್ಕಪ್ಪ ಮಂಗಲೇಶನ ನಡುವಿನ ವೈಮನಸ್ಯವನ್ನು ಹೇಳುವ ಪದ್ಯದಲ್ಲಿ ಅವನು ರಾಜನನ್ನು ‘ಲಕ್ಷ್ಮ್ಯಾ ಕಿಲಾಭಿಲಷಿತೇ ಪೊಲೆಕೇಶಿನಾಮ್ನಿ’ ಎಂದು ಪರಿಚಯಿಸುತ್ತಾನೆ. ಲಕ್ಷ್ಮಿಯೇ ಬಯಸಿದ, ಪೊಲೆಕೇಶಿ ಎಂಬ ಹೆಸರಿನವನು ಎಂದು ಅದರ ತಾತ್ಪರ್ಯ. ಈ ಪದ್ಯದ ವೃತ್ತ ವಸಂತತಿಲಕ. ಅದರ ಪ್ರತಿ ಪಾದದಲ್ಲಿ ಹದಿನಾಲ್ಕು ಅಕ್ಷರಗಳಿದ್ದು, ಒಂಬತ್ತನೆಯದೂ ಹತ್ತನೆಯದೂ ಲಘುವಾಗಿರಲೇಬೇಕು. ನೀವೇ ಬೆರಳು ಮಡಿಸಿ ಎಣಿಸಿ ನೋಡಿ: ಒಂಬತ್ತನೆಯ ಅಕ್ಷರ ‘ಪೊ’, ಹತ್ತನೆಯದು ‘ಲೆ’. ಸಂಸ್ಕೃತದಲ್ಲಿ ಎಕಾರ ಒಕಾರಗಳು ಯಾವಾಗಲೂ ದೀರ್ಘ. ಹ್ರಸ್ವ ‘ಎ’ ಮತ್ತು ಹ್ರಸ್ವ ‘ಒ’ ಇರುವುದು ಕನ್ನಡ, ತಮಿಳು, ತೆಲುಗು ಮೊದಲಾದ ನಮ್ಮ ಭಾಷೆಗಳಲ್ಲಿ. ಸಂಸ್ಕೃತದ ಹೆಸರಾಗಿದ್ದರೆ ಆ ಎರಡು ಅಕ್ಷರಗಳೂ ಗುರುವಾಗಿ ವೃತ್ತವೇ ಮುರಿದುಬೀಳುತ್ತಿತ್ತು. ರವಿಕೀರ್ತಿ ಅವುಗಳನ್ನು ನಿಸ್ಸಂಕೋಚವಾಗಿ ಲಘುವಾಗಿ ಬಳಸಿದ್ದಾನೆ. ಅಜ್ಜ ಮೊದಲನೆಯ ಪುಲಕೇಶಿಯನ್ನು ಹೆಸರಿಸುವ ಆರ್ಯಾ ಪದ್ಯದಲ್ಲಿಯೂ ಮಾತ್ರೆಗಳ ಲೆಕ್ಕ ಸರಿಹೋಗುವುದು ‘ಪೊ’ ಮತ್ತು ‘ಲೆ’ಗಳನ್ನು ಹ್ರಸ್ವವಾಗಿ ಓದಿದಾಗಲೇ.

ಸಂಸ್ಕೃತ ಪಂಡಿತನೊಬ್ಬ ತನ್ನ ದೊರೆಯ ಹೆಸರನ್ನು, ತಾನು ಬರೆಯುತ್ತಿದ್ದ ಭಾಷೆಯಲ್ಲಿ ಇಲ್ಲದ ಸ್ವರಗಳೊಂದಿಗೆ, ಬಾದಾಮಿಯಲ್ಲಿ ಜನ ಕರೆಯುತ್ತಿದ್ದ ಉಚ್ಚಾರದಲ್ಲಿಯೇ ಪದ್ಯಕ್ಕೆ ತಂದ ಪ್ರಸಂಗವಿದು. ಈ ಹೆಸರಿನ ಬಗ್ಗೆ ನನಗೆ ಅತ್ಯಂತ ಪ್ರಿಯವಾದ ಸಂಗತಿಯೂ ಇದೇ. ಹೆಸರಿನ ಮೊದಲ ಭಾಗ ಕನ್ನಡದ ಬಾಯಿಯದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲವೆಂದು ನನ್ನ ಅಭಿಪ್ರಾಯ. ‘ಪೊಲೆ’ ಎಂಬ ಉಚ್ಚಾರಕ್ಕೂ ‘ಪುಲಿ’ ಎಂಬ ಪದಕ್ಕೂ ಸ್ವರಗಳಲ್ಲಿ ಸಣ್ಣ ಅಂತರವಿದೆ, ನಿಜ. ಆದರೂ ಇರುವ ಅರ್ಥಗಳಲ್ಲಿ ಶಾಸನದ ಈ ರೂಪಕ್ಕೆ ಹತ್ತಿರವಾದದ್ದು ಹುಲಿಯೇ. ಮಗನಿಗೆ ಅರ್ಥ ಹೇಳಿಕೊಡುವಾಗ ‘ಹುಲಿಯಂಥ ಕೂದಲಿನವನು’ ಎಂದೇ ಹೇಳಿ. ಅರ್ಧ ಕನ್ನಡ, ಅರ್ಧ ಸಂಸ್ಕೃತ ಎಂದು ಕೇಳಿ ಯಾರಾದರೂ ಮುಖ ಸಿಂಡರಿಸಿದರೆ, ಬಾದಾಮಿಯ ಅರಸರು ಈ ಎರಡೂ ಭಾಷೆಗಳಲ್ಲಿ ಶಾಸನ ಬರೆಸಿದವರೆಂದು ನೆನಪಿಸಿ.

‘ಪುಲಕೇಶಿ’ ಎಂಬ ರೂಪವೂ ಹೊಸದಲ್ಲ. ಇಮ್ಮಡಿ ಪುಲಕೇಶಿಯ ಕಾಲದಲ್ಲಿಯೇ ದಕ್ಷಿಣಾಪಥಕ್ಕೆ ಬಂದಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅವನ ಹೆಸರನ್ನು ತನ್ನ ಭಾಷೆಯ ಅಕ್ಷರಗಳಲ್ಲಿ ‘ಪು-ಲೊ-ಕಿ-ಶೆ’ ಎಂದು ದಾಖಲಿಸಿದ್ದಾನೆ. ಇದು ಪುಲಕೇಶಿಗೆ ಹತ್ತಿರವಾದ ರೂಪ. ಸಂಸ್ಕೃತ ಬಲ್ಲವರ ಬಾಯಲ್ಲಿ ಹೆಸರು ಆಗಲೇ ಹೀಗೆ ತಿದ್ದಿಕೊಂಡಿತ್ತೆಂದು ಊಹಿಸಬಹುದು. ಹತ್ತನೆಯ ಶತಮಾನದ ಆಸುಪಾಸಿನಿಂದ ಕನ್ನಡದ ಪಕಾರ ಹಕಾರವಾಗತೊಡಗಿ ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. ಈ ಹೆಸರು ಮಾತ್ರ ‘ಹುಲಿಕೇಶಿ’ ಆಗಲಿಲ್ಲ. ಆ ಬದಲಾವಣೆ ನಡೆಯುವ ವೇಳೆಗೆ ಅದು ಜನರ ನಾಲಿಗೆಯಿಂದ ಇಳಿದು ತಾಮ್ರಪಟಗಳಲ್ಲಿ, ಕಲ್ಲುಗಳಲ್ಲಿ ಮಾತ್ರ ಉಳಿದಿತ್ತು ಎಂಬುದೇ ಇದಕ್ಕೆ ಕಾರಣವಿರಬೇಕು.

ಇನ್ನು ಆ ಹಳೆಯ ಪದ್ಧತಿಯ ವಿಷಯ. ಈ ಹೆಸರನ್ನು ಮೊದಲು ಪ್ರಸಿದ್ಧಿಗೆ ತಂದವನು ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಮೊದಲನೆಯ ಪುಲಕೇಶಿ. ವಿಚಿತ್ರವೆಂದರೆ ಅಲ್ಲಿಯ ಬಂಡೆಯ ಮೇಲಿನ ಅವನದೇ ಶಾಸನ, ಶಕ 465ರದು, ಅಂದರೆ ಕ್ರಿ.ಶ. 543ರದು, ಅವನನ್ನು ‘ವಲ್ಲಭೇಶ್ವರ’ ಎಂಬ ಬಿರುದಿನಿಂದ ಕರೆಯುತ್ತದೆಯೇ ಹೊರತು ಈ ಹೆಸರಿನಿಂದಲ್ಲ. ಅವನ ಮಗ ಕೀರ್ತಿವರ್ಮ; ಕೀರ್ತಿವರ್ಮನ ಮಗನೇ ನರ್ಮದೆಯ ದಂಡೆಯಲ್ಲಿ ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಕೇಶಿ. ಪೆದ್ದವಡುಗೂರಿನ ಶಾಸನದ ಆಧಾರದಿಂದ ಅವನಿಗೆ ‘ಎರೆಯ’ ಎಂಬ ಅಚ್ಚಗನ್ನಡದ ಹೆಸರಿತ್ತೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಆದರೆ ಜಗತ್ತು ಅವನನ್ನು ಅರಿತದ್ದು ಅಜ್ಜನ ಹೆಸರಿನಿಂದ. ಅವನ ಮಗನಾದ ಧರಾಶ್ರಯ ಜಯಸಿಂಹ ಗುಜರಾತಿನ ಕಡೆ ಆಳಿದನು, ಆ ಜಯಸಿಂಹನ ಮಗನಿಗೆ ಮತ್ತೆ ಪುಲಕೇಶಿ ಎಂದು ಹೆಸರಾಯಿತು. ಅವನಿಜನಾಶ್ರಯ ಎಂಬ ಬಿರುದಿನ ಈ ಪುಲಕೇಶಿ ನವಸಾರಿಯ ಬಳಿ ಅರಬ್ ಸೈನ್ಯವನ್ನು ಸೋಲಿಸಿದ ಸಂಗತಿ ಅವನ ಕ್ರಿ.ಶ. 739ರ ಸುಮಾರಿನ ತಾಮ್ರಪಟದಲ್ಲಿದೆ.

ಈ ಮೂವರನ್ನು ವಂಶವೃಕ್ಷದಲ್ಲಿ ಇಟ್ಟು ನೋಡಿ. ಎರಡನೆಯವನು ಮೊದಲನೆಯವನ ಮೊಮ್ಮಗ, ಮೂರನೆಯವನು ಎರಡನೆಯವನ ಮೊಮ್ಮಗ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ರೂಢಿ ಚಾಲುಕ್ಯರ ಮನೆಯಲ್ಲಿಯೂ ಹೀಗೆ ಎರಡು ಬಾರಿ ನಡೆದಿದೆ. ನಿಮ್ಮ ಮಾವನವರು ತಮ್ಮ ತಂದೆಯ ಹೆಸರನ್ನು ಮೊಮ್ಮಗನಿಗೆ ಬಯಸುತ್ತಿದ್ದಾರೆ. ಒಂದು ತಲೆಮಾರಿನ ವ್ಯತ್ಯಾಸ ಬಿಟ್ಟರೆ ಈ ಹೆಸರು ಹಿಂದೆ ಸಾಗಿಬಂದ ದಾರಿಯಲ್ಲಿಯೇ ಮುಂದೆ ಹೋಗುತ್ತದೆ. ನಕ್ಷತ್ರದ ಅಕ್ಷರಕ್ಕಿಂತ ಇದೇ ನನಗೆ ದೊಡ್ಡ ಕಾರಣವಾಗಿ ತೋರುತ್ತದೆ.

ಅನಂತರ ಹೆಸರು ಮರೆಯಾದದ್ದೂ ಅಷ್ಟೇ ಕುತೂಹಲಕರ. ಬಾದಾಮಿಯ ವಂಶದವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರಲ್ಲಿ ತೈಲ, ಸತ್ಯಾಶ್ರಯ, ಸೋಮೇಶ್ವರ, ವಿಕ್ರಮಾದಿತ್ಯರು ಬಂದುಹೋದರು. ಸಿಂಹಾಸನವೇರಿದ ಪುಲಕೇಶಿ ಒಬ್ಬನೂ ಇಲ್ಲ. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ಬೆಳೆದ ವೆಂಗಿಯ ರಾಜವಂಶದಲ್ಲಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರು ಐಹೊಳೆಯ ಶಾಸನವನ್ನು ಓದಿ ಅಚ್ಚುಹಾಕಿದ ಮೇಲೆ, ಏಕೀಕರಣದ ಹಂಬಲದಲ್ಲಿ ಆಲೂರು ವೆಂಕಟರಾಯರಂಥವರು ಕರ್ನಾಟಕದ ಗತವೈಭವವನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ಈ ಹೆಸರು ಮತ್ತೆ ತೊಟ್ಟಿಲಿಗೆ ಬಂದಿತು. ನಿಮ್ಮ ಮಾವನವರ ತಂದೆಗೂ ಆ ಗಾಳಿಯಲ್ಲಿಯೇ ಈ ಹೆಸರು ಬಂದಿರುವ ಸಾಧ್ಯತೆ ಹೆಚ್ಚು. ಮನೆಯ ಹಿರಿಯರನ್ನು ಕೇಳಿ ನೋಡಿ.

ಇಂದು ಇದು ವಿರಳವಾದ ಹೆಸರು. ಯಾವ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಬಂದಿತೆಂಬ ಪಟ್ಟಿಯನ್ನು ಕೆಲವು ದೇಶಗಳಂತೆ ನಮ್ಮ ಸರ್ಕಾರ ಪ್ರಕಟಿಸುವುದಿಲ್ಲವಾದ್ದರಿಂದ ಅಂಕಿ ಕೊಡಲಾಗದು; ಆದರೆ ಹಾಜರಿ ಪುಸ್ತಕಗಳಲ್ಲಿ ಮಯೂರ, ವಿಕ್ರಮರು ಸಿಗುವಷ್ಟು ಸುಲಭವಾಗಿ ಪುಲಕೇಶಿ ಸಿಗುವುದಿಲ್ಲವೆಂಬುದು ಎಲ್ಲರ ಅನುಭವ. ಬೆಂಗಳೂರಿನ ಫ್ರೇಜರ್ ಟೌನ್‌ಗೆ ಪುಲಕೇಶಿನಗರವೆಂದು ಹೆಸರಿಟ್ಟ ನಾಡು ಮಕ್ಕಳಿಗೆ ಆ ಹೆಸರನ್ನು ಅಷ್ಟಾಗಿ ಇಡಲಿಲ್ಲ. ಸೋತ ಹರ್ಷನ ಹೆಸರು ಮಾತ್ರ ಕನ್ನಡದ ಬಹುತೇಕ ಎಲ್ಲ ಶಾಲೆಗಳಲ್ಲಿ ಇದೆ. ‘ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ’, ಅಂದರೆ ಯಾರಿಂದ ಹರ್ಷನ ಹರ್ಷವೇ ಭಯದಿಂದ ಜಾರಿಹೋಯಿತೋ ಅವನು, ಎಂದು ರವಿಕೀರ್ತಿ ಬರೆದ ನಾಡಿನಲ್ಲಿಯೇ ಹೀಗಾಗಿದೆ. ಕಾರಣ ಸರಳ: ಹರ್ಷ ಎರಡೇ ಅಕ್ಷರದ ಹೆಸರು, ಅರ್ಥವೂ ಕೇಳಿದ ಕೂಡಲೇ ಹೊಳೆಯುತ್ತದೆ. ಪುಲಕೇಶಿಗೆ ಇಷ್ಟುದ್ದದ ವಿವರಣೆ ಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಹೆಸರಿನ ದೋಷವಲ್ಲ. ಹೇಳಲು ಕಥೆಯಿರುವ ಹೆಸರು ಮಗುವಿಗೆ ಆಸ್ತಿಯೇ.

ಚೆನ್ನೈನಲ್ಲಿ ಇರುವುದರಿಂದ ಒಂದು ಮಾತು ನಿಮ್ಮ ಗಮನಕ್ಕೆ ತರಬೇಕು. ಕನ್ನಡಿಗರಲ್ಲಿ ಹಿರಿಯ ತಲೆಮಾರಿಗೆ ‘ಪುಲಿಕೇಶಿ’ ಎಂಬ ರೂಪ ಪರಿಚಿತವಾಗುವುದರಲ್ಲಿ 1967ರಲ್ಲಿ ರಾಜ್‌ಕುಮಾರ್ ಅವರು ಇಮ್ಮಡಿ ಪುಲಿಕೇಶಿಯಾಗಿ ನಟಿಸಿದ ಚಿತ್ರದ ಪಾಲು ದೊಡ್ಡದು. ತಮಿಳಿನಲ್ಲಿ ಹುಲಿಗೆ ಇಂದಿಗೂ ‘ಪುಲಿ’ ಎಂಬ ಪದವೇ ಇರುವುದರಿಂದ ಅಲ್ಲಿಯೂ ಈ ರೂಪವೇ ಸಹಜ. ಆದರೆ 2006ರಲ್ಲಿ ಬಂದು ಬಹಳ ಜನಪ್ರಿಯವಾದ ತಮಿಳು ಹಾಸ್ಯಚಿತ್ರವೊಂದರಲ್ಲಿ ಅಂಜುಬುರುಕನಾದ ರಾಜನಿಗೆ ಪುಲಿಕೇಸಿ ಎಂದು ಹೆಸರಿದೆ. ತರಗತಿಯಲ್ಲಿ ಹುಡುಗರು ಅದನ್ನು ಎತ್ತಿಕೊಂಡು ಛೇಡಿಸುವುದು ಅಸಂಭವವಲ್ಲ. ಈ ಕಾರಣಕ್ಕಾಗಿ ಹೆಸರನ್ನೇ ಬಿಡಬೇಕೆಂದು ನಾನು ಹೇಳಲಾರೆ. ‘ಪುಲಕೇಶಿ’ ಎಂಬ ರೂಪವನ್ನು ಇಟ್ಟುಕೊಂಡರೆ ತಮಿಳು ಕಿವಿಗೆ ಅದು ಸ್ವಲ್ಪ ಬೇರೆಯಾಗಿಯೇ ಕೇಳಿಸುತ್ತದೆ. ಎರಡೂ ರೂಪಗಳಿಗೆ ಆಧಾರವಿರುವುದರಿಂದ ಯಾವುದೂ ತಪ್ಪಲ್ಲ. ನಿಮ್ಮ ಸನ್ನಿವೇಶದಲ್ಲಿ ನನ್ನ ಆಯ್ಕೆ ಪುಲಕೇಶಿ. ನಿಮ್ಮ ಮನೆಯ ಹಿರಿಯರ ಹೆಸರೂ ಆ ರೂಪದಲ್ಲಿಯೇ ಇದೆಯಲ್ಲವೇ?

ಕರೆಯುವ ಹೆಸರಿನ ಚಿಂತೆಯೂ ಇರಬಹುದು. ‘ಕೇಶಿ’ ಎಂದು ಮೊಟಕು ಮಾಡಬೇಡಿ. ಭಾಗವತದಲ್ಲಿ ಕುದುರೆಯ ರೂಪದಲ್ಲಿ ಬಂದು ಕೃಷ್ಣನಿಂದ ಹತನಾದ ಅಸುರನ ಹೆಸರು ಅದು, ಅಜ್ಜಿಯರು ಒಪ್ಪಲಾರರು. ಪುಲಕ ಎಂದು ಕರೆದರೆ ಚೆನ್ನಾಗಿರುತ್ತದೆ. ಸತ್ಯಾಶ್ರಯ ಎಂಬುದು ಇಮ್ಮಡಿ ಪುಲಕೇಶಿಯದೇ ಬಿರುದಾದ್ದರಿಂದ ಎರಡನೆಯ ಹೆಸರಾಗಿ ಅದನ್ನೂ ಸೇರಿಸಬಹುದು.

ಕೊನೆಯದಾಗಿ ದಾಖಲೆಯ ವಿಷಯ. ಜನನ ನೋಂದಣಿಯಾದ ಮೇಲೆ ಒಂದು ವರ್ಷದವರೆಗೆ ಶುಲ್ಕವಿಲ್ಲದೆಯೂ, ಅನಂತರ ಹದಿನೈದು ವರ್ಷಗಳವರೆಗೆ ತಡಶುಲ್ಕ ಕಟ್ಟಿಯೂ ಮಗುವಿನ ಹೆಸರನ್ನು ಸೇರಿಸಲು ಅವಕಾಶವಿದೆ. ಆದ್ದರಿಂದ ಅವಸರದಲ್ಲಿ ಬರೆಸಿ ಆಮೇಲೆ ತಿದ್ದಿಸುವುದಕ್ಕಿಂತ ಮನೆಯವರೆಲ್ಲ ಒಂದು ರೂಪಕ್ಕೆ ಒಪ್ಪಿದ ಮೇಲೆಯೇ ಬರೆಸಿ. ತಮಿಳು ಲಿಪಿಯಲ್ಲಿ ಈ ಹೆಸರು ಸಾಮಾನ್ಯವಾಗಿ ‘ಪುಲಕೇಸಿ’ ಎಂದು ಬರುವುದರಿಂದ, ಅದನ್ನು ನೋಡಿ ಇಂಗ್ಲಿಷ್ ಅಕ್ಷರಗಳಿಗೆ ಇಳಿಸುವ ಗುಮಾಸ್ತರು ಎಸ್ ನಂತರದ ಎಚ್ ಅನ್ನು ಬಿಟ್ಟುಬಿಡುವ ಸಂಭವ ಹೆಚ್ಚು. ಅರ್ಜಿಯಲ್ಲಿ ಇಂಗ್ಲಿಷ್ ರೂಪವನ್ನು ನೀವೇ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿ, ಕರಡು ಪ್ರತಿಯನ್ನು ಓದಿ ನೋಡಿದ ಮೇಲೆ ಸಹಿ ಹಾಕಿ. ಆಧಾರ್‌ಗೂ ಶಾಲೆಯ ದಾಖಲಾತಿಗೂ ಮುಂದೆ ಅದೇ ಕಾಗುಣಿತವನ್ನು ಬಳಸಿ.